ಬೆಂಗಳೂರಿನ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ (ಬಿಎಂಟಿ) ವಾರ್ಡ್: ತಮ್ಮನಿಗೆ ಸ್ಟೆಮ್ ಸೆಲ್ ಕೊಟ್ಟ ಅಕ್ಕನ ಅನುಭವ

ನಾನು ಧಾರವಾಡದಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ನನ್ನ ಜೊತೆ ಇನ್ನೂ ಮೂವರು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಇಂಥದ್ದನ್ನೆಲ್ಲ ಬರೆದು ರೂಢಿ ಇಲ್ಲ. ಕಳೆದ ತಿಂಗಳು ಗದಗ ಕಡೆಯ ಒಬ್ಬ ತಾಯಿ ಯಾರ ಹತ್ತಿರವೋ ನನ್ನ ನಂಬರ್ ತಗೊಂಡು ಫೋನ್ ಮಾಡಿದರು. ಮಗನಿಗೆ ಬ್ಲಡ್ ಕ್ಯಾನ್ಸರ್. ಮಗಳು ದಾನಿ. "ಬೆನ್ನುಹುರಿ ತಗೀತಾರಂತಲ್ರಿ, ನನ್ನ ಮಗಳ ಗತಿ ಏನ್ರಿ?" ಎಂದು ಅತ್ತರು. ಎರಡು ವರ್ಷದ ಹಿಂದೆ ನಮ್ಮ ಅತ್ತೆಯವರೂ ಇದೇ ಮಾತು ಆಡಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ. ಹೊಗಳುವುದೂ ಇದೆ, ಬೇಜಾರೂ ಇದೆ. ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆ ಅಂದುಕೊಳ್ಳಿ. ರೋಗಿಗಳ ಕಡೆಯಿಂದ ಬರೆದವರು ಬೇಕಾದಷ್ಟು ಜನ ಇದ್ದಾರೆ. ಕೊಟ್ಟವರ ಕಡೆಯಿಂದ ಬರೆದದ್ದು ನನಗೆ ಹುಡುಕಿದಾಗ ಸಿಗಲಿಲ್ಲ. ನಾನು ಕೊಟ್ಟವಳು.

ನನ್ನ ತಮ್ಮ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಗ್ಯಾರೇಜ್ ಕೆಲಸ ಮಾಡುತ್ತಿದ್ದ. ಆಗ ಅವನಿಗೆ 29. ಮೂರು ವಾರ ಜ್ವರ ಬಿಟ್ಟು ಬಿಟ್ಟು ಬಂತು. ಹಲ್ಲುಜ್ಜಿದರೆ ರಕ್ತ. ಪ್ಲೇಟ್‌ಲೆಟ್ 14 ಸಾವಿರಕ್ಕೆ ಇಳಿದಿತ್ತು, ಎಲ್ಲರೂ ಡೆಂಗಿ ಅಂದರು. ಆದರೆ ಬಿಳಿ ರಕ್ತಕಣ 86 ಸಾವಿರ ಇತ್ತು. ಹುಬ್ಬಳ್ಳಿಯ ಡಾಕ್ಟರು ಆ ಎರಡು ಅಂಕಿಗಳ ಕೆಳಗೆ ಪೆನ್ನಿನಿಂದ ಗೆರೆ ಎಳೆದು, "ಇದು ಡೆಂಗಿ ಅಲ್ಲ" ಅಂದರು. ಎಎಂಎಲ್ ಅನ್ನುವ ಜಾತಿಯ ರಕ್ತದ ಕ್ಯಾನ್ಸರ್.

ಆ ಡಾಕ್ಟರು ಮಾಡಿದ ಒಂದು ಉಪಕಾರ ನನಗೆ ಆಮೇಲೆ ಅರ್ಥವಾಯಿತು. ರಕ್ತ ಬೇಕು ಅಂದಾಗ ನಾನೂ ಅಣ್ಣನೂ ತೋಳು ಚಾಚಿ ನಿಂತಿದ್ದೆವು. "ನೀವು ಒಡಹುಟ್ಟಿದವರು ಕೊಡಬ್ಯಾಡ್ರಿ. ಹೊರಗಿನವರ ಕಡೆಯಿಂದ ತರ್ರಿ" ಎಂದು ತಡೆದರು. ಅಣ್ಣನಿಗೆ ಸಿಟ್ಟು ಬಂತು. ಸ್ವಂತ ತಮ್ಮನಿಗೆ ರಕ್ತ ಕೊಡಬಾರದು ಅಂದರೆ ಯಾರಿಗೆ ತಾನೇ ಸಿಟ್ಟು ಬರಲ್ಲ? ಕಾರಣ ಇಷ್ಟೇ. ಮುಂದೆ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ತಾಯಿಕೋಶ) ಕೊಡಬೇಕಾಗಬಹುದಾದವರ ರಕ್ತ ಮೊದಲೇ ರೋಗಿಯ ಮೈಗೆ ಹೋದರೆ, ಅವನ ಮೈ ಅವರ ವಿರುದ್ಧ ಪ್ರತಿಕಾಯ ಕಟ್ಟಿಕೊಳ್ಳಬಹುದು. ಆಮೇಲೆ ಅದೇ ಜನರ ಸ್ಟೆಮ್ ಸೆಲ್ ಹಾಕಿದರೆ ಹಿಡಿಯದೇ ಹೋಗಬಹುದು. ಬೆಂಗಳೂರಿನಲ್ಲಿ ನನ್ನ ವಿರುದ್ಧ ಅಂಥ ಪ್ರತಿಕಾಯ ತಮ್ಮನ ರಕ್ತದಲ್ಲಿ ಇದೆಯಾ ಅಂತ ಬೇರೆಯದೇ ಟೆಸ್ಟ್ ಮಾಡಿದರು. ಇಲ್ಲ ಅಂತ ಬಂತು. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ, ರಕ್ತ ಕೊಡುವ ಮುಂಚೆ ಡಾಕ್ಟರನ್ನು ಇದೊಂದು ಕೇಳಿ.

ಹುಬ್ಬಳ್ಳಿಯಲ್ಲೇ ಮೊದಲ ಕೀಮೋ ಆಯಿತು. ಒಂದು ಔಷಧ ಏಳು ದಿನ, ಇನ್ನೊಂದು ಮೂರು ದಿನ. ಕಾಯಿಲೆ ಅಡಗಿತು. ಆದರೆ ಎಫ್‌ಎಲ್‌ಟಿ3 ಅನ್ನುವ ಜೀನ್‌ನಲ್ಲಿ ಬದಲಾವಣೆ ಇದೆ, ಕೀಮೋ ಒಂದರಿಂದಲೇ ಬಿಟ್ಟರೆ ತಿರುಗಿ ಬರುವ ಸಾಧ್ಯತೆ ಜಾಸ್ತಿ, ಅಡಗಿರುವಾಗಲೇ ಇನ್ನೊಬ್ಬರ ಸ್ಟೆಮ್ ಸೆಲ್ ಹಾಕುವ ಟ್ರಾನ್ಸ್‌ಪ್ಲಾಂಟ್ ಮಾಡಿಸಿ ಅಂದರು. ಚೆನ್ನಮ್ಮ ರೈಲು ಹತ್ತಿ ರಾತ್ರಿಯೆಲ್ಲ ಕೂತು ಬೆಂಗಳೂರಿಗೆ ಹೋದೆವು.

ಇಲ್ಲಿಂದ ಆಸ್ಪತ್ರೆಯ ಮಾತು.

ಮೊದಲ ದಿನ ಡಾಕ್ಟರು ನಮಗೆ 40 ನಿಮಿಷ ಕೊಟ್ಟರು. ಗಡಿಯಾರ ನೋಡಿಕೊಂಡಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಬಿಳಿ ಹಾಳೆ ತಗೊಂಡು ಚಿತ್ರ ಬರೆದರು. ಎಚ್‌ಎಲ್‌ಎ ಅಂದರೆ ಜೀವಕೋಶದ ಮೇಲಿನ ಗುರುತು. ಅಪ್ಪನ ಹತ್ತಿರ ಎರಡು ಕಟ್ಟು, ಅವ್ವನ ಹತ್ತಿರ ಎರಡು ಕಟ್ಟು. ಪ್ರತಿ ಮಗುವಿಗೂ ಅಪ್ಪನಿಂದ ಒಂದು, ಅವ್ವನಿಂದ ಒಂದು. ಹಾಗಾಗಿ ಒಬ್ಬ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನೂರಕ್ಕೆ 25, ಅರ್ಧ ಹೊಂದುವುದು 50, ಏನೂ ಹೊಂದದೇ ಇರುವುದು 25. ಅಪ್ಪ ಅವ್ವ ಯಾವಾಗಲೂ ಅರ್ಧ ಹೊಂದುತ್ತಾರೆ. ಹೊಟ್ಟೆಯ ಮಕ್ಕಳೂ ಹಾಗೇ. ರಕ್ತದ ಗುಂಪಿಗೂ ಇದಕ್ಕೂ ಸಂಬಂಧ ಇಲ್ಲ. ತಮ್ಮನದು ಬಿ ಪಾಸಿಟಿವ್, ನನ್ನದು ಓ ಪಾಸಿಟಿವ್. ಅದು ಅಡ್ಡಿ ಆಗಲಿಲ್ಲ.

ರಿಪೋರ್ಟ್ ಬಂದಾಗ ನಾನು ಅರ್ಧ. ಅಣ್ಣ ಸೊನ್ನೆ.

ಅಣ್ಣ ಆ ದಿನ ಊಟ ಮಾಡಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ಒಂದ ಹೊಟ್ಟ್ಯಾಗ ಹುಟ್ಟೇವಿ, ನಾ ಅವಂಗ ಏನೂ ಅಲ್ಲೇನು?" ಅಂದ. ನಾನು ಏನು ಹೇಳಲಿ? ಡಾಕ್ಟರಿಗೆ ಇದು ಹೇಗೋ ಗೊತ್ತಾಯಿತು. ಮರುದಿನ ಅವನೊಬ್ಬನನ್ನೇ ಕರೆದು ಮತ್ತೆ ಅದೇ ಚಿತ್ರ ಬರೆದರು. ಅಪ್ಪನ ಮೊದಲ ಕಟ್ಟು ತಮ್ಮನಿಗೆ ಬಂದರೆ ಎರಡನೆಯದು ಅಣ್ಣನಿಗೆ ಹೋಗಿದೆ. ಅವ್ವನದೂ ಹಾಗೇ ಆಗಿದೆ. "ಇಬ್ಬರೂ ಸೇರಿದರೆ ನಿಮ್ಮ ಅಪ್ಪ ಅವ್ವ ಪೂರ್ತಿ ಆಗ್ತಾರೆ ನೋಡಿ" ಅಂದರಂತೆ. ಅಣ್ಣ ಆ ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದ. ಇಂಥ ಕೆಲಸಕ್ಕೆ ಬಿಲ್ಲಿನಲ್ಲಿ ಸಾಲು ಇರುವುದಿಲ್ಲ. ಆ ಡಾಕ್ಟರ ಬಗ್ಗೆ ನನ್ನ ಗೌರವ ಅಲ್ಲಿ ಗಟ್ಟಿಯಾಯಿತು.

ಅವ್ವನಿಗೆ 58, ಸಕ್ಕರೆ ಕಾಯಿಲೆ ಇದೆ. ಅಪ್ಪ ತೀರಿಕೊಂಡು ಆರು ವರ್ಷ. ತಮ್ಮನ ಮಗಳಿಗೆ ನಾಲ್ಕೇ ವರ್ಷ. ಹೊರಗಿನವರಲ್ಲಿ ಹುಡುಕಬಹುದು, ದಾತ್ರಿಯಂಥ ದಾನಿಗಳ ನೋಂದಣಿ ಪಟ್ಟಿಗಳಿವೆ. ಆದರೆ ಹೊಂದುವವರು ಸಿಗಬೇಕು, ಖರ್ಚು ಬೇರೆ, ಕಾಯಲು ನಮಗೆ ಸಮಯ ಇರಲಿಲ್ಲ. ಹೀಗಾಗಿ ನಾನೇ ಉಳಿದೆ.

ಅರ್ಧ ಹೊಂದಿದರೆ ಸಾಕಾ ಅಂತ ನಾನೇ ಕೇಳಿದೆ. ಭಾರತದಲ್ಲಿ ಮೊದಲ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಆದದ್ದು 1983ರಲ್ಲಿ, ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಆ ಕಾಲದಲ್ಲಿ ಪೂರ್ತಿ ಹೊಂದುವ ಒಡಹುಟ್ಟಿದವರು ಇಲ್ಲದಿದ್ದರೆ ದಾರಿ ಮುಚ್ಚಿದ ಹಾಗೇ. ಅರ್ಧ ಹೊಂದಿದವರ ಕೋಶ ಹಾಕಿದರೆ ಅವು ರೋಗಿಯ ಮೈಮೇಲೇ ತಿರುಗಿ ಬೀಳುತ್ತಿದ್ದವು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನ ಡಾಕ್ಟರರು ಒಂದು ಉಪಾಯ ಬೆಳೆಸಿದರು. ಕೋಶ ಹಾಕಿದ ಮೂರನೇ ಮತ್ತು ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಅನ್ನುವ ಹಳೆಯ ಕೀಮೋ ಔಷಧ ಕೊಡುವುದು. ಅಷ್ಟೊತ್ತಿಗೆ ಜಗಳಕ್ಕೆ ಎದ್ದು ವೇಗವಾಗಿ ಬೆಳೆಯುತ್ತಿರುವ ಕೋಶಗಳು ಅದಕ್ಕೆ ಸಿಕ್ಕಿ ಸಾಯುತ್ತವೆ. ಸ್ಟೆಮ್ ಸೆಲ್‌ಗಳಿಗೆ ಆ ಔಷಧ ತಡೆದುಕೊಳ್ಳುವ ಶಕ್ತಿ ಇದೆ, ಅವು ಉಳಿಯುತ್ತವೆ. ಇದನ್ನು ಕೇಳಿದಾಗ ನನಗೆ ಮೈ ಜುಮ್ ಅಂದಿತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನನಗೂ ಅರ್ಥವಾಗುವ ಹಾಗೆ ಹೇಳಿದರಲ್ಲ, ಅದು ದೊಡ್ಡದು.

ಇನ್ನು ದಾನಿಯನ್ನು ನೋಡಿಕೊಂಡ ಬಗೆ.

ತಪಾಸಣೆಗೆ ಬೇರೆ ಡಾಕ್ಟರು ಇದ್ದರು. ತಮ್ಮನ ಡಾಕ್ಟರು ತಮ್ಮನ ಕಡೆ, ಇವರು ನನ್ನ ಕಡೆ. ಎಚ್‌ಐವಿ, ಕಾಮಾಲೆ, ಹೃದಯ, ಎದೆಯ ಎಕ್ಸ್‌ರೇ, ಗರ್ಭ ಇದೆಯೋ ಇಲ್ಲವೋ, ಎಲ್ಲ ನೋಡಿದರು. ಅದಾದ ಮೇಲೆ ಸಂಯೋಜಕಿ ಮೇಡಂ ನಮ್ಮವರನ್ನೂ ಅವ್ವನನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. "ನಿಮಗೆ ಮನಸ್ಸಿಲ್ಲ ಅಂದ್ರೆ ಈಗಲೇ ಹೇಳಿ. ಮನೆಯವರಿಗೆ ಆಸ್ಪತ್ರೆಯಿಂದಲೇ ಆಗಲ್ಲ ಅಂದ್ರು ಅಂತ ಹೇಳ್ತೀವಿ. ನಿಮ್ಮ ಹೆಸರು ಬರಲ್ಲ" ಅಂದರು. ಇನ್ನೊಂದು ಮಾತೂ ಹೇಳಿದರು. ತಮ್ಮನಿಗೆ ದೊಡ್ಡ ಕೀಮೋ ಶುರುವಾದ ಮೇಲೆ ನಾನು ಹಿಂದೆ ಸರಿದರೆ ಅವನು ಉಳಿಯುವುದು ಕಷ್ಟ. ಅವನ ಮಜ್ಜೆಯನ್ನು ಆಗ ಬರಿದು ಮಾಡಿರುತ್ತಾರೆ. ಹಾಗಾಗಿ ಯೋಚನೆ ಮಾಡುವುದಿದ್ದರೆ ಈಗಲೇ.

ನಾನು ಕೊಡುತ್ತೇನೆ ಅಂತ ಮೊದಲ ದಿನವೇ ನಿರ್ಧಾರ ಮಾಡಿದ್ದೆ. ಆದರೂ ಆ ಪ್ರಶ್ನೆ ಕೇಳಿದಾಗ ಕಣ್ಣು ತುಂಬಿ ಬಂತು. ನಮ್ಮ ಕಡೆ ಹೆಣ್ಣುಮಗಳಿಗೆ ಅಣ್ಣತಮ್ಮಂದಿರ ವಿಷಯದಲ್ಲಿ ಯಾರೂ "ನಿನಗೆ ಮನಸ್ಸಿದೆಯಾ" ಅಂತ ಕೇಳುವುದಿಲ್ಲ. ಕೊಡಲೇಬೇಕು ಅಷ್ಟೇ. ಅವತ್ತು ಒಬ್ಬರು ಕೇಳಿದರು. ನಾನು ಹೂಂ ಅಂದದ್ದು ನನ್ನ ಸ್ವಂತ ಮಾತಾಯಿತು.

ಬೆನ್ನುಹುರಿಯ ವಿಷಯಕ್ಕೆ ಬರುತ್ತೇನೆ. ಬೋನ್ ಮ್ಯಾರೋ ಅಂದರೆ ಎಲುಬಿನ ಒಳಗಿನ ಮಜ್ಜೆ. ಬೆನ್ನುಹುರಿ ಬೇರೆ, ಅದನ್ನು ಯಾರೂ ಮುಟ್ಟುವುದಿಲ್ಲ. ಕೆಲವರಿಗೆ ಸೊಂಟದ ಎಲುಬಿನಿಂದ ಅರಿವಳಿಕೆ ಕೊಟ್ಟು ಮಜ್ಜೆ ತೆಗೆಯುತ್ತಾರೆ. ನನಗೆ ಅದೂ ಮಾಡಲಿಲ್ಲ, ರಕ್ತದಿಂದಲೇ ತೆಗೆದರು. ಐದು ದಿನ ಜಿಸಿಎಸ್‌ಎಫ್ ಅನ್ನುವ ಇಂಜೆಕ್ಷನ್, ಹೊಟ್ಟೆಯ ಚರ್ಮದ ಕೆಳಗೆ. ಅದು ಮಜ್ಜೆಯಲ್ಲಿರುವ ಸ್ಟೆಮ್ ಸೆಲ್‌ಗಳನ್ನು ರಕ್ತಕ್ಕೆ ಇಳಿಸುತ್ತದೆ.

ನೋವು ಇಲ್ಲ ಅಂತ ಕೆಲವರು ಹೇಳುತ್ತಾರೆ. ಇದೆ. ಮೂರನೇ ದಿನದಿಂದ ಸೊಂಟ, ತೊಡೆ, ಎದೆಯ ನಡುವಿನ ಎಲುಬು ಒಳಗಿನಿಂದ ಸಿಡಿಯುತ್ತಿದ್ದವು. ಸುಗ್ಗಿಯಲ್ಲಿ ಇಡೀ ದಿನ ಜೋಳ ಕೊಯ್ದು ಬಂದ ರಾತ್ರಿ ಇರುತ್ತದಲ್ಲ, ಅದರ ಎರಡರಷ್ಟು. ಪ್ಯಾರಾಸಿಟಮಾಲ್ ತಗೊಂಡರೆ ನಾಲ್ಕು ತಾಸು ತಡೆಯುತ್ತಿತ್ತು. ಇಂಜೆಕ್ಷನ್ ನಿಂತ ಎರಡು ದಿನಕ್ಕೆ ನೋವೂ ಹೋಯಿತು.

ಐದನೇ ದಿನ ಯಂತ್ರಕ್ಕೆ ಹಾಕಿದರು. ಎರಡೂ ತೋಳಿಗೆ ಸೂಜಿ. ಒಂದರಿಂದ ರಕ್ತ ಹೋಗುತ್ತದೆ, ಯಂತ್ರ ತಿರುಗಿಸಿ ಸ್ಟೆಮ್ ಸೆಲ್ ಇರುವ ಪದರ ತೆಗೆದುಕೊಳ್ಳುತ್ತದೆ, ಉಳಿದದ್ದು ಇನ್ನೊಂದು ತೋಳಿಗೆ ವಾಪಸ್. ನರ ಸರಿ ಸಿಗದವರಿಗೆ ಕತ್ತಿನಲ್ಲೋ ತೊಡೆಯಲ್ಲೋ ದಪ್ಪ ನಳಿಕೆ ಹಾಕುತ್ತಾರಂತೆ. ನನ್ನ ತೋಳು ನೋಡಿ ನರ್ಸ್, "ಎಷ್ಟು ಚೆಂದ ನರ ಅದಾವ್ರೀ ಅಕ್ಕಾರ" ಅಂದಳು. ಹದಿನೈದು ವರ್ಷ ಹಿಟ್ಟು ನಾದಿದ ತೋಳು. ಆ ಹುಡುಗಿ ರಾಣೆಬೆನ್ನೂರಿನವಳು.

ಐದು ತಾಸು ಹಿಡಿಯಿತು. ಎರಡನೇ ತಾಸಿಗೆ ತುಟಿ ಜುಮುಜುಮು ಅನ್ನತೊಡಗಿತು. ರಕ್ತ ಹೆಪ್ಪುಗಟ್ಟದಂತೆ ಸೇರಿಸುವ ಔಷಧ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಅದಕ್ಕೆ ಹಾಗಾಗುವುದು. ಹೇಳಿದ ಕೂಡಲೇ ಕ್ಯಾಲ್ಸಿಯಂ ಕೊಟ್ಟರು, ನಿಂತಿತು. ತುಟಿ ಮರಗಟ್ಟಿದರೆ ಸುಮ್ನೆ ತಡೆದುಕೊಂಡು ಮಲಗಬೇಡಿ, ಹೇಳಿ. ಕೈ ಮಡಚುವ ಹಾಗಿರಲಿಲ್ಲ. ರಾಣೆಬೆನ್ನೂರಿನ ಹುಡುಗಿಯೇ ಹಾಲು ಕುಡಿಸಿದಳು, ಮುಖ ಒರೆಸಿದಳು.

ಕೊನೆಗೆ ಒಂದು ಸಣ್ಣ ಚೀಲ. ಟೊಮೆಟೊ ಸಾರಿನ ಬಣ್ಣ. ತಮ್ಮನ ತೂಕ 62 ಕಿಲೋ. ಒಂದು ಕಿಲೋ ತೂಕಕ್ಕೆ ಕನಿಷ್ಠ 20 ಲಕ್ಷ ಸ್ಟೆಮ್ ಸೆಲ್ ಬೇಕು, 50 ಲಕ್ಷ ಇದ್ದರೆ ಒಳ್ಳೆಯದು ಅಂದಿದ್ದರು. ನನ್ನದು 68 ಲಕ್ಷ ಬಂತು. ಒಂದೇ ದಿನಕ್ಕೆ ಮುಗಿಯಿತು. ಅದೇ ಸಂಜೆ ತಮ್ಮನಿಗೆ ಹಾಕಿದರು. ಆಪರೇಶನ್ ಇಲ್ಲ, ಕೊಯ್ಯುವುದಿಲ್ಲ. ರಕ್ತ ಏರಿಸುವ ಹಾಗೇ ಎದೆಯ ನಳಿಕೆಯಿಂದ ಹನಿ ಹನಿ ಇಳಿಯಿತು. ನಾನು ಗಾಜಿನ ಆಚೆ ಕೂತು ನೋಡಿದೆ. ಅವನು ಫೋನಿನಲ್ಲಿ, "ಅಕ್ಕಾ, ಊಟಾ ಮಾಡಿದ್ಯಾ?" ಅಂದ.

ವಾರ್ಡಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಎರಡು ಬಾಗಿಲು, ಸೋಸಿದ ಗಾಳಿ, ಒಳಗೆ ಒಬ್ಬರೇ. ಕೈ ತೊಳೆಯದೆ ಯಾರೂ ಒಳಗೆ ಹೋದದ್ದನ್ನು ನಾನು ಕಾಣಲಿಲ್ಲ, ದೊಡ್ಡ ಡಾಕ್ಟರೂ ಸೇರಿ. ಮೆಲ್ಫಲಾನ್ ಅನ್ನುವ ಕೀಮೋ ಔಷಧ ಕೊಡುವಾಗ ಬಾಯಿ ಹುಣ್ಣು ಕಡಿಮೆ ಆಗಲಿ ಅಂತ ನರ್ಸ್ ಪಕ್ಕದಲ್ಲೇ ನಿಂತು ಅವನಿಗೆ ಐಸ್ ತುಂಡು ಚೀಪಿಸಿದರು. ಆದರೂ ಎರಡನೇ ವಾರ ನುಂಗಲು ಆಗಲಿಲ್ಲ, ಜ್ವರ ಬಂತು, ಕೂದಲೆಲ್ಲ ಹೋಯಿತು. ಹದಿನೇಳನೇ ದಿನ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ 500 ದಾಟಿತು. ಮೂರು ದಿನ ಹಾಗೇ ನಿಂತರೆ ಹಿಡಿದಿದೆ ಅಂತ ಲೆಕ್ಕ. ನಿಂತಿತು. ಅವ್ವ ಆಸ್ಪತ್ರೆಯ ಬಾಗಿಲಿನಲ್ಲೇ ನಿಂತು ಸಿದ್ಧಾರೂಢರ ಕಡೆ ಕೈ ಮುಗಿದಳು.

ಇನ್ನು ಬೇಜಾರಿನದ್ದು.

ಮೊದಲು ಕೊಟ್ಟ ಅಂದಾಜು 18 ಲಕ್ಷ. ಕೊನೆಗೆ ಆದದ್ದು 24 ಲಕ್ಷದ 60 ಸಾವಿರ. ಕಾಯಿಲೆ ಹೇಳಿ ಕೇಳಿ ಬರುವುದಿಲ್ಲ, ಜಾಸ್ತಿ ಆಗಬಹುದು ಅನ್ನುವುದು ನನಗೂ ಗೊತ್ತು. ಆದರೆ ಫಂಗಸ್ ಔಷಧ, ಪ್ಲೇಟ್‌ಲೆಟ್, ನನ್ನ ತಪಾಸಣೆ ಇವು ಆ 18ರಲ್ಲಿ ಇಲ್ಲ ಅಂತ ಮೊದಲೇ ಹೇಳಬಹುದಿತ್ತಲ್ವಾ? ಬಿಲ್ಲಿಂಗ್ ಕಿಟಕಿಯಲ್ಲಿ ಕೇಳಿದರೆ ಕಂಪ್ಯೂಟರ್ ಕಡೆ ಬೆರಳು ತೋರಿಸಿದರು. ಊರ ಹತ್ತಿರದ ಎರಡು ಎಕರೆ ಎರಿ ಹೊಲ ಮಾರಿದೆವು. ಪ್ರಧಾನ ಮಂತ್ರಿಗಳ ಪರಿಹಾರ ನಿಧಿ, ಮುಖ್ಯಮಂತ್ರಿಗಳ ಪರಿಹಾರ ನಿಧಿ ಎರಡಕ್ಕೂ ಅರ್ಜಿ ಹಾಕಬಹುದು ಅಂತ ನಮಗೆ ಹೇಳಿದ್ದು ಪಕ್ಕದ ಬೆಡ್ಡಿನವರು, ಆಸ್ಪತ್ರೆಯವರಲ್ಲ. ಅಂದಾಜು ಪತ್ರ ಕೈಗೆ ಬಂದ ದಿನವೇ ಅರ್ಜಿ ಕೊಡಿ. ನಾವು ತಡ ಮಾಡಿದೆವು.

ಒಪ್ಪಿಗೆ ಪತ್ರ ಹನ್ನೊಂದು ಪುಟ, ಪೂರ್ತಿ ಇಂಗ್ಲಿಷಿನಲ್ಲಿ. ಬೆಂಗಳೂರಿನಲ್ಲಿ, ಕನ್ನಡ ಮಾತ್ರ ಓದುವ ಹೆಣ್ಣುಮಗಳ ಕೈಗೆ. ಬಾಯಿ ಮಾತಿನಲ್ಲಿ ಅಷ್ಟು ಚೆನ್ನಾಗಿ ವಿವರಿಸಿದವರು ಕಾಗದದಲ್ಲಿ ಯಾಕೆ ಹೀಗೆ ಮಾಡಿದರೋ. ಡ್ಯೂಟಿ ಮುಗಿದ ಮೇಲೆ ಅದೇ ರಾಣೆಬೆನ್ನೂರಿನ ಹುಡುಗಿ ಕೂತು ಒಂದೊಂದು ಪುಟ ಓದಿ ಹೇಳಿದಳು. ಅದು ಅವಳ ಕೆಲಸ ಆಗಿರಲಿಲ್ಲ.

ಪ್ಲೇಟ್‌ಲೆಟ್ ದಾನಿಗಳನ್ನು ನಾವೇ ತರಬೇಕಿತ್ತು. ಬೆಂಗಳೂರಿನಲ್ಲಿ ನಮಗೆ ಯಾರು ಗೊತ್ತು? ತಮ್ಮನ ಗ್ಯಾರೇಜಿನ ಗೆಳೆಯರು ಒಬ್ಬರಿಂದ ಒಬ್ಬರಿಗೆ ಹೇಳಿ, ಪೀಣ್ಯದಲ್ಲಿ ಕೆಲಸ ಮಾಡುವ ಹಾವೇರಿ, ಹಾನಗಲ್ ಕಡೆಯ ಹುಡುಗರು ರಾತ್ರಿ ಪಾಳಿ ಮುಗಿಸಿ ಬಂದು ಕೊಟ್ಟರು. ಹನ್ನೊಂದು ಜನ. ಅವರ ಹೆಸರು ಅವ್ವ ದೇವರ ಜಗಲಿಯ ಪಕ್ಕದ ಗೋಡೆಯ ಮೇಲೆ ಬರೆದಿಟ್ಟಿದ್ದಾಳೆ.

ಎಲ್ಲಕ್ಕಿಂತ ನೋವಾದದ್ದು ಇದು. ಸೂಜಿ ತೆಗೆದ ಮೇಲೆ ನಾನು ಯಾರಿಗೂ ಬೇಡವಾದೆ. ಕೊಡುವ ತನಕ ದಿನಕ್ಕೆ ಮೂರು ಸಲ ಫೋನ್ ಬರುತ್ತಿತ್ತು. ಕೊಟ್ಟ ಸಂಜೆ ತಲೆ ತಿರುಗುತ್ತಿತ್ತು, ಮಲಗಲು ಜಾಗ ಕೇಳಿದರೆ ಕಾಯುವ ಕೋಣೆಯ ಕುರ್ಚಿ ತೋರಿಸಿದರು. ಯಂತ್ರದಲ್ಲಿ ನನ್ನ ಪ್ಲೇಟ್‌ಲೆಟ್ಟೂ ಕಡಿಮೆ ಆಗಿತ್ತು. ವಾರ ಬಿಟ್ಟು ಮತ್ತೆ ನೋಡಿಸಬೇಕು ಅಂತ ಒಂದು ಚೀಟಿಯಲ್ಲಿತ್ತು. ನಾನೇ ಹೊರಗಿನ ಲ್ಯಾಬಿನಲ್ಲಿ ದುಡ್ಡು ಕೊಟ್ಟು ಮಾಡಿಸಿದೆ. ಸರಿ ಇತ್ತು. ಆದರೆ ಈವರೆಗೂ ಯಾರೂ ಆ ಆಸ್ಪತ್ರೆಯಿಂದ ಫೋನ್ ಮಾಡಿ "ಹೇಗಿದ್ದೀರಿ" ಅಂತ ಕೇಳಿಲ್ಲ. ಬಾಗಿಲು ಹಾಕಿಕೊಂಡು ನನ್ನ ಮನಸ್ಸು ಕೇಳಿದ ಜಾಗವೇ ಅದು. ಅದಕ್ಕೇ ಜಾಸ್ತಿ ನೋವು.

ನೂರು ದಿನ ಆಸ್ಪತ್ರೆಯ ಹತ್ತಿರವೇ ಇರಬೇಕು ಅಂದರು. ತಿಂಗಳಿಗೆ 18 ಸಾವಿರ ಬಾಡಿಗೆಗೆ ಒಂದು ಕೋಣೆ, ಅಡುಗೆ ಮನೆ. ಆಗಲೇ ಮಾಡಿದ ಬಿಸಿ ಅಡುಗೆ ಮಾತ್ರ. ಮೊಸರಿಲ್ಲ, ಹಸಿ ಉಳ್ಳಾಗಡ್ಡಿ ಇಲ್ಲ, ರಂಜಕ ಇಲ್ಲ, ಡಬ್ಬಿಯಲ್ಲಿಟ್ಟ ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಇಲ್ಲ. ಆಸ್ಪತ್ರೆಯ ಆಹಾರ ತಜ್ಞೆಗೆ ಜೋಳದ ರೊಟ್ಟಿ ಅಂದರೆ ಏನು ಅಂತ ಸರಿಯಾಗಿ ಗೊತ್ತಿರಲಿಲ್ಲ. ಅವರ ಪಟ್ಟಿಯಲ್ಲಿ ಇಡ್ಲಿ, ಗಂಜಿ, ಚಪಾತಿ. ನಾನು ವಿವರಿಸಿದೆ: ಕುದಿಯುವ ನೀರಿನಲ್ಲಿ ಹಿಟ್ಟು ಕಲಸಿ, ಕಾದ ಹೆಂಚಿನ ಮೇಲೆ ಎರಡೂ ಕಡೆ ಬೇಯಿಸುವುದು. ಅವರು ಬರೆದುಕೊಂಡು, "ಬಿಸಿ ಇರುವಾಗಲೇ ತಿನ್ನಲಿ" ಅಂದರು. ಇದು ಒಳ್ಳೆಯ ಗುಣ. ಕೆಳಗಿನ ಮನೆಯವರು ಮೊದಲ ದಿನ ರೊಟ್ಟಿ ಬಡಿಯುವ ಸಪ್ಪಳಕ್ಕೆ ಮೇಲೆ ಬಂದರು. ಕಾರಣ ಕೇಳಿ ಸುಮ್ಮನಾದರು. ಮರುದಿನ ಬದನೆಕಾಯಿ ತಂದುಕೊಟ್ಟರು. ತಮ್ಮ ಆರು ವಾರದ ಮೇಲೆ ಮೊದಲ ಸಲ ಒಂದು ಪೂರ್ತಿ ರೊಟ್ಟಿ ತಿಂದದ್ದು ಅವತ್ತೇ, ಬದನೆಕಾಯಿ ಪಲ್ಯದ ಜೊತೆ.

45ನೇ ದಿನ ಅಂಗೈ, ಅಂಗಾಲು ಕೆಂಪಾಗಿ ಉರಿ ಬಂತು. ನನ್ನ ಕೋಶಗಳು ಅವನ ಚರ್ಮದ ಮೇಲೆ ಸಿಟ್ಟಾಗಿದ್ದವು. ಜಿವಿಎಚ್‌ಡಿ ಅನ್ನುತ್ತಾರೆ. ಚರ್ಮ, ಕರುಳು, ಲಿವರ್ ಈ ಮೂರಕ್ಕೆ ಬರುವುದು ಹೆಚ್ಚು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಡಾಕ್ಟರೇ ಎತ್ತಿದರು. ಫೋಟೋ ತರಿಸಿಕೊಂಡು ನೋಡಿ, ಬೆಳಿಗ್ಗೆ ಏಳಕ್ಕೆ ಬರಲು ಹೇಳಿದರು. ಸ್ಟಿರಾಯ್ಡ್ ಕೊಟ್ಟ ಮೇಲೆ ಎರಡು ವಾರಕ್ಕೆ ಇಳಿಯಿತು. ಆ ಎರಡು ವಾರ ನಾನು ಅವನ ಮುಖ ನೋಡಲು ಹಿಂಜರಿದೆ, ನನ್ನಿಂದಲೇ ಅವನಿಗೆ ಉರಿ ಅನ್ನಿಸುತ್ತಿತ್ತು. ಅವನೇ ಕರೆದು ಪಕ್ಕದಲ್ಲಿ ಕೂಡಿಸಿಕೊಂಡ.

30ನೇ ದಿನದ ರಿಪೋರ್ಟಿನಲ್ಲಿ ಅವನ ರಕ್ತಕೋಶ ನೂರಕ್ಕೆ ನೂರು ದಾನಿಯದು ಅಂತ ಬಂದಿತ್ತು. ಹೆಣ್ಣಿನ ಕ್ರೋಮೋಸೋಮು. ಕೆಲವು ತಿಂಗಳ ಮೇಲೆ ಅವನ ರಕ್ತದ ಗುಂಪೂ ಬದಲಾಗಿ ಓ ಪಾಸಿಟಿವ್ ಆಯಿತು.

ಇಲ್ಲಿ ಐದಕ್ಕೆ ಇಷ್ಟು ಅಂತ ಒಂದೇ ಅಂಕ ಕೊಡಬೇಕು. ನನ್ನಿಂದ ಆಗುವುದಿಲ್ಲ. ಡಾಕ್ಟರು, ನರ್ಸ್‌ಗಳಿಗೆ ಐದು. ಸಂಯೋಜಕಿಗೆ ಐದು. ಬಿಲ್ಲಿಂಗಿಗೆ ಒಂದೂವರೆ. ಕೊಟ್ಟ ಮೇಲೆ ದಾನಿಯನ್ನು ನೋಡಿಕೊಂಡದ್ದಕ್ಕೆ ಒಂದು. ತಮ್ಮನ ಬಿಡುಗಡೆ ದಿನ ಅಭಿಪ್ರಾಯದ ಫಾರಂ ಕೊಟ್ಟರು. ರೋಗಿ, ರೋಗಿಯ ಜೊತೆಗಿರುವವರು ಅಂತ ಎರಡೇ ಚೌಕ ಇದ್ದವು. ನಾನು ಪಕ್ಕದಲ್ಲಿ ಪೆನ್ನಿನಿಂದ ಮೂರನೇ ಚೌಕ ಬರೆದು, "ದಾನಿ" ಅಂತ ಕನ್ನಡದಲ್ಲಿ ಬರೆದು, ಅದಕ್ಕೆ ಗುರುತು ಹಾಕಿ ಕೊಟ್ಟೆ.

ಗದಗ ಕಡೆಯ ಆ ತಾಯಿಗೆ ಮೊನ್ನೆ ಮತ್ತೆ ಫೋನ್ ಮಾಡಿದ್ದೆ. ಮಗಳ ಇಂಜೆಕ್ಷನ್ ಸೋಮವಾರದಿಂದ ಶುರು. ಮಗಳ ಜೊತೆಯೂ ಮಾತಾಡಿದೆ. ಆ ಹುಡುಗಿಗೆ 22. ಕೊಟ್ಟ ಮೇಲೆ ಮಲಗಲು ಬೆಡ್ ಇದೆಯಾ ಅಂತ ಮೊದಲೇ ಕೇಳಿ ಬರೆಸಿಕೋ ಅಂದೆ. ತಮ್ಮನಿಗೆ ಈಗ ಕೂಸಿಗೆ ಹಾಕುವ ಲಸಿಕೆಗಳನ್ನೆಲ್ಲ ಹೊಸದಾಗಿ ಹಾಕುತ್ತಿದ್ದಾರೆ, ಹಳೆಯವು ಮಜ್ಜೆಯ ಜೊತೆ ಅಳಿಸಿ ಹೋದ ಹಾಗೆ. ದಡಾರದ ಲಸಿಕೆ ಮಾತ್ರ ಎರಡು ವರ್ಷ ತುಂಬಿದ ಮೇಲೆ. ಮುಂದಿನ ತಿಂಗಳು ತುಂಬುತ್ತದೆ. ಅಣ್ಣ ಈಗಲೇ ಚೆನ್ನಮ್ಮ ರೈಲಿಗೆ ಮೂರು ಟಿಕೆಟ್ ಮಾಡಿಸಿದ್ದಾನೆ.